ಕೊಳೆಗೇರಿಯ ಮನೆಗೆ ಕುಟುಂಬ ಯೋಜನೆ: ಸ್ವಯಂಸೇವಕಿ ಎಲ್ಲಿಂದ ಆರಂಭಿಸಬೇಕು?

ನಗರದ ಕೊಳೆಗೇರಿಗೆ ಆಸ್ಪತ್ರೆ ಹೆಚ್ಚಾಗಿ ದೂರವೇನಲ್ಲ. ಎಷ್ಟೋ ಕಡೆ ರಸ್ತೆ ದಾಟಿದರೆ ಸಾಕು. ಆದರೂ ಕ್ಲಿನಿಕ್ ತೆರೆಯುವ ಹೊತ್ತಿಗೆ ಅಲ್ಲಿನ ಹೆಂಗಸು ನಲ್ಲಿಯ ಮುಂದೆ ಕೊಡವಿಟ್ಟು ನಿಂತಿರುತ್ತಾಳೆ, ಇಲ್ಲವೇ ಕೂಲಿಗೆ ಹೊರಟಿರುತ್ತಾಳೆ. ಅವಳು ಮರಳುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಸ್ವಯಂಸೇವಕಿ ಮೊದಲು ಕೇಳಬೇಕಾದದ್ದು ಮಕ್ಕಳೆಷ್ಟು ಎಂದಲ್ಲ. ನೀರು ಯಾವಾಗ ಬರುತ್ತದೆ, ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು. ಆ ಉತ್ತರಗಳನ್ನು ಮುಂದಿಟ್ಟು, ವಾರಕ್ಕೆ ಒಂದೆರಡು ಸಂಜೆಯಾದರೂ ಕ್ಲಿನಿಕ್ ತೆರೆದಿಡುವಂತೆ ಅಲ್ಲಿನವರನ್ನು ಒಪ್ಪಿಸಬೇಕು.

ಬಳಿಕ ಮನೆಮನೆಗೆ ನಡೆದು ಗರ್ಭಿಣಿಯರ ಮತ್ತು ಎರಡು ವರ್ಷದೊಳಗಿನ ಮಕ್ಕಳ ತಾಯಂದಿರ ಪಟ್ಟಿ ಮಾಡಬೇಕು. ಬಾಡಿಗೆಗೆ ಬಂದವರು, ಕಟ್ಟಡದ ಶೆಡ್ಡುಗಳಲ್ಲಿರುವವರು ಹಳೆಯ ಪಟ್ಟಿಗಳಲ್ಲಿ ಇರುವುದು ಅಪರೂಪ.

ಮಾತುಕತೆಗೆ ಮನೆ ತಕ್ಕ ಜಾಗವಲ್ಲ. ಒಂದೇ ಕೋಣೆಯಲ್ಲಿ ಅತ್ತೆ, ಮೈದುನ, ಮಕ್ಕಳೆಲ್ಲ ಕುಳಿತಿರುವಾಗ ಗರ್ಭನಿರೋಧಕ ಮಾತ್ರೆಯ ವಿಷಯ ಯಾರೂ ಬಾಯಿ ಬಿಡುವುದಿಲ್ಲ. ಟ್ರಂಕಿನ ತಳದಲ್ಲಿ, ಬಟ್ಟೆಯ ಮಡಿಕೆಯೊಳಗೆ ಮಾತ್ರೆಯ ಪಟ್ಟಿಯನ್ನು ಬಚ್ಚಿಟ್ಟು ದಿನವೂ ತಪ್ಪದೆ ನುಂಗಬೇಕಾದವಳ ಕಷ್ಟವನ್ನು ನಾವು ಹಗುರವಾಗಿ ಕಾಣಬಾರದು. ಅಂಥವಳಿಗೆ ಮೂರು ತಿಂಗಳಿಗೊಮ್ಮೆ ಪಡೆಯುವ ಚುಚ್ಚುಮದ್ದು ಅಥವಾ ಗರ್ಭಕೋಶದೊಳಗೆ ಇಡುವ, ಹತ್ತು ವರ್ಷದವರೆಗೆ ಕೆಲಸ ಮಾಡುವ ಕಾಪರ್-ಟಿ ಹೆಚ್ಚು ಒಗ್ಗಬಹುದು. ಆದರೆ ಆಯ್ಕೆ ಅವಳದೇ ಆಗಿರಬೇಕು. ಚುಚ್ಚುಮದ್ದಿನಿಂದ ಮುಟ್ಟು ಏರುಪೇರಾಗಬಹುದು, ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು ಎಂಬುದನ್ನು ಮೊದಲೇ ಹೇಳಬೇಕು. ಹೇಳದೆ ಕೊಟ್ಟರೆ ಅವಳು ಹೆದರಿ ಬಿಟ್ಟುಬಿಡುತ್ತಾಳೆ, ಅಕ್ಕಪಕ್ಕದವರನ್ನೂ ಹೆದರಿಸುತ್ತಾಳೆ. ಆ ತಪ್ಪು ಅವಳದಲ್ಲ, ನಮ್ಮದು.

ಹೆರಿಗೆಯ ನಂತರದ ದಿನಗಳಿಗೆ ವಿಶೇಷ ಗಮನ ಬೇಕು. ಮತ್ತೆ ಗರ್ಭ ಧರಿಸುವ ಮೊದಲು ಕನಿಷ್ಠ 24 ತಿಂಗಳು ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ಎದೆಹಾಲು ಕುಡಿಸುತ್ತಿದ್ದರೆ ಗರ್ಭ ನಿಲ್ಲುವುದಿಲ್ಲವೆಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಎದೆಹಾಲಿನ ಹೊರತು ಬೇರೇನನ್ನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಬೇರೆ ವಿಧಾನ ಬೇಕು. ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಯೊಳಗೆ ಅಥವಾ ನಾಲ್ಕು ವಾರಗಳ ನಂತರ ಹಾಕಿಸಬಹುದು. ಆದ್ದರಿಂದ ಈ ಮಾತು ಗರ್ಭಿಣಿಯ ತಪಾಸಣೆಯ ಸಮಯದಲ್ಲೇ ಆಗಿಬಿಡಬೇಕು.

ಗಂಡಸರನ್ನೂ ಅವರಿಗೆ ಬಿಡುವಿರುವ ಹೊತ್ತಿನಲ್ಲಿ ಬೇರೆಯಾಗಿ ಕೂರಿಸಿ ಮಾತನಾಡಬೇಕು. ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆ ಹೆಂಗಸರದಕ್ಕಿಂತ ಸರಳ; ಆದರೆ ಅದಾದ ಮೇಲೂ ಮೂರು ತಿಂಗಳು ಕಾಂಡೋಮ್ ಬಳಸಬೇಕು. ಲೈಂಗಿಕ ಸೋಂಕುಗಳಿಂದಲೂ ಕಾಪಾಡುವ ವಿಧಾನ ಕಾಂಡೋಮ್ ಮಾತ್ರ.

ಮೊದಲ ಸಲ ಕ್ಲಿನಿಕ್ಕಿಗೆ ಜೊತೆಯಲ್ಲೇ ಹೋಗಬೇಕು. ಗುಡಿಸಲು ತೆರವಾಗಿ ಕುಟುಂಬ ರಾತ್ರೋರಾತ್ರಿ ಬೇರೆಡೆಗೆ ಹೋಗಬಹುದಾದ್ದರಿಂದ, ಪಡೆದ ವಿಧಾನದ ಹೆಸರು ಮತ್ತು ಮುಂದಿನ ದಿನಾಂಕವನ್ನು ಚಿಕ್ಕ ಚೀಟಿಯಲ್ಲಿ ಬರೆದು ಅವಳ ಕೈಗೇ ಕೊಡಬೇಕು. ಅವಳು ಎಲ್ಲಿಗೆ ಹೋದರೂ ಅಲ್ಲಿನ ನರ್ಸ್ ಅದನ್ನು ನೋಡಿ ಮುಂದುವರಿಸಬಲ್ಲಳು.