ಒಂದು ‘ಬೇಕು’, ಹಲವು ಇಂಗ್ಲಿಷ್: ಮಸ್ಟ್, ಹ್ಯಾವ್ ಟು, ಶುಡ್ ಬಳಸುವುದು ಹೇಗೆ?

ವಿದೇಶದ ಆಸ್ಪತ್ರೆಗಳಲ್ಲಿ ಕೆಲಸ ಬಯಸುವ ನರ್ಸ್‌ಗಳು ಬರೆಯುವ ಒಇಟಿ ಪರೀಕ್ಷೆಗೆ ಸಿದ್ಧಳಾಗುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಅಭ್ಯಾಸದ ಪತ್ರವನ್ನು ಒಮ್ಮೆ ತಿದ್ದುತ್ತಿದ್ದೆ. ಕಾಗುಣಿತ ಶುದ್ಧವಾಗಿತ್ತು, ವಾಕ್ಯರಚನೆಯಲ್ಲಿ ದೋಷವಿರಲಿಲ್ಲ. ಆದರೆ ಕೊನೆಯ ಸಾಲಿನಲ್ಲಿ ಆಕೆ ‘ದ ಪೇಷಂಟ್ ಮಸ್ಟ್ ನಾಟ್ ಫಾಸ್ಟ್ ಬಿಫೋರ್ ದ ಟೆಸ್ಟ್’ ಎಂದು ಬರೆದಿದ್ದಳು. ಏನು ಹೇಳಹೊರಟಿದ್ದೆ ಎಂದು ಕೇಳಿದಾಗ, ‘ಈ ಪರೀಕ್ಷೆಗೆ ರೋಗಿ ಉಪವಾಸ ಇರಬೇಕಾಗಿಲ್ಲ, ಅಷ್ಟೇ ಸರ್’ ಎಂದಳು. ಕಾಗದದ ಮೇಲಿದ್ದದ್ದು ‘ಉಪವಾಸ ಇರಕೂಡದು’ ಎಂಬ ನಿಷೇಧ. ಬೆಳಗಿನ ತಿಂಡಿ ಬಿಟ್ಟು ಬಂದ ರೋಗಿಯನ್ನು ಆ ಪತ್ರದ ಆಧಾರದಲ್ಲಿ ವಾಪಸು ಕಳಿಸಿದರೂ ತಪ್ಪೆನ್ನುವಂತಿರಲಿಲ್ಲ.

ಇದೇ ತಪ್ಪನ್ನು ಎಂಜಿನಿಯರುಗಳ ಇಮೇಲ್‌ಗಳಲ್ಲಿ, ಕಚೇರಿಯ ಸೂಚನಾ ಫಲಕಗಳಲ್ಲಿ, ಉದ್ಯೋಗ ಸಂದರ್ಶನಗಳಲ್ಲಿ ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಬೇಸರದ ಸಂಗತಿಯೆಂದರೆ, ಹೀಗೆ ತಪ್ಪುವವರು ಯಾರೂ ಕನ್ನಡದಲ್ಲಿ ಮಾತನಾಡುವಾಗ ‘ಬೇಕಾಗಿಲ್ಲ’ ಮತ್ತು ‘ಕೂಡದು’ಗಳನ್ನು ಅದಲುಬದಲು ಮಾಡುವುದಿಲ್ಲ. ಇಂಗ್ಲಿಷಿನ ಈ ಭಾಗಕ್ಕೆ ಬೇಕಾದ ವಿವೇಚನೆಯೆಲ್ಲ ನಮ್ಮ ಭಾಷೆಯಲ್ಲೇ ಇದೆ. ಆದ್ದರಿಂದ ಮುಂದಿನ ಹೆಜ್ಜೆಗಳೆಲ್ಲವೂ ಕನ್ನಡ ವಾಕ್ಯದಿಂದಲೇ ಆರಂಭವಾಗುತ್ತವೆ.

ಮೊದಲ ಹೆಜ್ಜೆ: ಆಸೆಯ ‘ಬೇಕು’ವನ್ನು ಬೇರೆಯಿಡಿ

‘ನನಗೆ ಕಾಫಿ ಬೇಕು’ ಎಂಬುದರಲ್ಲಿ ಯಾರೂ ಎಡವುವುದಿಲ್ಲ. ‘ಊರಲ್ಲಿ ಒಂದು ಮನೆ ಕಟ್ಟಬೇಕು’ ಎಂಬಲ್ಲಿ ಎಡವುತ್ತಾರೆ. ಅಲ್ಲಿರುವುದು ಕರ್ತವ್ಯವಲ್ಲ, ಬಯಕೆ. ‘ಕಟ್ಟಬೇಕೆಂದಿದ್ದೇನೆ’ ಎಂದು ಬದಲಿಸಿದರೂ ಅರ್ಥ ಕೆಡದಿದ್ದರೆ ಅದು ‘ವಾಂಟ್ ಟು’. ಅಲ್ಲಿ ಮಸ್ಟ್‌ಗೆ ಜಾಗವಿಲ್ಲ.

ಎರಡನೆಯ ಹೆಜ್ಜೆ: ಪದದ ಚೌಕಟ್ಟು

ಮಸ್ಟ್ ಮತ್ತು ಶುಡ್ ನಂತರ ‘ಟು’ ಬರುವುದಿಲ್ಲ, ಅವುಗಳಿಗೆ ‘ಎಸ್’ ಆಗಲಿ ‘ಇಡಿ’ ಆಗಲಿ ಅಂಟುವುದಿಲ್ಲ. ಹ್ಯಾವ್ ಟು ಮಾತ್ರ ಸಾಮಾನ್ಯ ಕ್ರಿಯಾಪದದಂತೆ ‘ಹ್ಯಾಸ್ ಟು’, ‘ಹ್ಯಾಡ್ ಟು’, ‘ವಿಲ್ ಹ್ಯಾವ್ ಟು’ ಎಂದು ರೂಪ ಬದಲಿಸುತ್ತದೆ. ಪ್ರಶ್ನೆ ಕೇಳುವಾಗ ‘ಡು ಐ ಹ್ಯಾವ್ ಟು’ ಎನ್ನಿ. ‘ಆಟ್ ಟು’ ಎಂಬುದನ್ನು ಓದುವಾಗ ಗುರುತಿಸಿದರೆ ಸಾಕು, ಬರೆಯುವ ಗೋಜಿಗೆ ಹೋಗಬೇಡಿ. ಶುಡ್ ಆ ಕೆಲಸವನ್ನು ಪೂರ್ತಿಯಾಗಿ ಮಾಡುತ್ತದೆ.

ಮೂರನೆಯ ಹೆಜ್ಜೆ: ಒತ್ತಾಯ ಎಲ್ಲಿಂದ ಬರುತ್ತಿದೆ?

‘ಅಮ್ಮನಿಗೆ ಇವತ್ತು ಫೋನ್ ಮಾಡಲೇಬೇಕು’ ಎಂದು ನಿಮ್ಮ ಮನಸ್ಸೇ ಹೇಳಿದರೆ ‘ಐ ಮಸ್ಟ್ ಕಾಲ್ ಮೈ ಮದರ್’. ‘ಒಳಗೆ ಹೋಗಲು ರಿಜಿಸ್ಟರಿನಲ್ಲಿ ಸಹಿ ಮಾಡಬೇಕಾಗುತ್ತದೆ’ ಎಂದು ನಿಯಮವೊಂದು ಹೇಳಿದರೆ ‘ಯು ಹ್ಯಾವ್ ಟು ಸೈನ್ ದ ರಿಜಿಸ್ಟರ್’. ಕನ್ನಡದಲ್ಲಿ ‘ಬೇಕು’ ಜೊತೆಗೆ ‘ಆಗು’ ಸೇರಿ ‘ಬೇಕಾಗಿದೆ’, ‘ಬೇಕಾಗುತ್ತದೆ’ ಎಂದಾದಾಗ ಒತ್ತಾಯ ಹೊರಗಿನಿಂದ ಬಂದಿದೆ ಎಂಬ ಧ್ವನಿ ಹೆಚ್ಚಾಗಿ ಇರುತ್ತದೆ. ಅಂಥ ಕಡೆ ಹ್ಯಾವ್ ಟು ಹಿಡಿಸುತ್ತದೆ. ಶುಡ್ ಸಲಹೆಗೆ ಮೀಸಲು. ‘ಮಾಡಿದರೆ ಒಳ್ಳೆಯದು’ ಎಂಬ ಮಾತು ಹೊಂದಿದರೆ ಶುಡ್, ‘ಮಾಡದಿದ್ದರೆ ನಡೆಯುವುದಿಲ್ಲ’ ಎಂಬ ಮಾತು ಹೊಂದಿದರೆ ಮಸ್ಟ್ ಅಥವಾ ಹ್ಯಾವ್ ಟು.

ಬಸ್ ನಿಲ್ದಾಣದಲ್ಲಿ ಸಿಗುವ ತೆಳು ಪುಸ್ತಕಗಳು ಮತ್ತು ಒಂದು ನಿಮಿಷದ ವಿಡಿಯೊಗಳು ಇಲ್ಲಿ ದೊಡ್ಡ ಹಾನಿ ಮಾಡುತ್ತವೆ. ಮಸ್ಟ್ ಎಂದರೆ ನೂರಕ್ಕೆ ನೂರು, ಹ್ಯಾವ್ ಟು ಎಂದರೆ ತೊಂಬತ್ತು, ಶುಡ್ ಎಂದರೆ ಎಪ್ಪತ್ತು ಎಂಬ ಪಟ್ಟಿ ಅವುಗಳಲ್ಲಿರುತ್ತದೆ. ಮಸ್ಟ್ ಮತ್ತು ಹ್ಯಾವ್ ಟು ನಡುವಿನ ವ್ಯತ್ಯಾಸ ತೂಕದ್ದಲ್ಲ, ಒತ್ತಾಯ ಬರುವ ದಿಕ್ಕಿನದು. ಪಟ್ಟಿಯನ್ನು ನಂಬಿದವರು ಗಟ್ಟಿಯಾಗಿ ಹೇಳಬೇಕೆನಿಸಿದಾಗಲೆಲ್ಲ ಮಸ್ಟ್ ಎಸೆಯುತ್ತಾರೆ. ನಿಜವಾಗಿ ಇಂಗ್ಲಿಷರೇ ಮಸ್ಟ್ ಬಳಕೆಯನ್ನು ಕಡಿಮೆ ಮಾಡುತ್ತಾ ಬಂದಿದ್ದಾರೆ. 1961 ಮತ್ತು 1991ರಲ್ಲಿ ಪ್ರಕಟವಾದ ಬ್ರಿಟಿಷ್ ಬರಹಗಳಿಂದ ತಲಾ ಸುಮಾರು 10 ಲಕ್ಷ ಪದಗಳನ್ನು ಸಂಗ್ರಹಿಸಿ ಭಾಷಾತಜ್ಞರು ಹೋಲಿಸಿದಾಗ, ಆ ಮೂವತ್ತು ವರ್ಷಗಳಲ್ಲಿ ಮಸ್ಟ್ ಸ್ಪಷ್ಟವಾಗಿ ಇಳಿದಿದ್ದು ಕಂಡುಬಂತು. ಅಮೆರಿಕದ ಆಡುಮಾತಿನಲ್ಲಂತೂ ಒತ್ತಾಯ ಒಳಗಿನದಿರಲಿ, ಹೊರಗಿನದಿರಲಿ, ಹ್ಯಾವ್ ಟು ಅಥವಾ ನೀಡ್ ಟು ಸಾಮಾನ್ಯ. ಹಾಗಾಗಿ ಮಾತಿನಲ್ಲಿ ಹ್ಯಾವ್ ಟು ಬಳಸಿ, ಮಸ್ಟ್ ಅನ್ನು ಬರವಣಿಗೆಗೆ ಉಳಿಸಿಕೊಳ್ಳಿ ಎಂಬುದು ನನ್ನ ಖಚಿತ ಸಲಹೆ.

ನಾಲ್ಕನೆಯ ಹೆಜ್ಜೆ: ‘ಅಲ್ಲ’ ಎನ್ನುವಾಗ

ಇಲ್ಲಿ ಅವಸರ ಮಾಡಬೇಡಿ. ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ.

ಒಪ್ಪುವ ವಾಕ್ಯದಲ್ಲಿ ಮಸ್ಟ್ ಮತ್ತು ಹ್ಯಾವ್ ಟು ಅಣ್ಣತಮ್ಮಂದಿರಂತೆ ಒಂದೇ ಮನೆಯಲ್ಲಿರುತ್ತವೆ. ‘ನಾಟ್’ ಸೇರಿದ ಕೂಡಲೇ ಮನೆ ಎರಡಾಗುತ್ತದೆ. ‘ಮಸ್ಟ್ ನಾಟ್’ನಲ್ಲಿ ಒತ್ತಾಯ ಹಾಗೆಯೇ ಉಳಿಯುತ್ತದೆ, ನಾಟ್ ಹೋಗಿ ಮುಂದಿನ ಕ್ರಿಯೆಗೆ ಅಂಟಿಕೊಳ್ಳುತ್ತದೆ. ಅಂದರೆ ಮಾಡದೆ ಇರುವುದೇ ಕಡ್ಡಾಯ. ‘ಡೋಂಟ್ ಹ್ಯಾವ್ ಟು’ವಿನಲ್ಲಿ ಒತ್ತಾಯವೇ ಅಳಿಸಿಹೋಗುತ್ತದೆ. ಮಾಡುವುದೂ ಬಿಡುವುದೂ ನಿಮ್ಮ ಇಷ್ಟ. ಕನ್ನಡ ಈ ಎರಡಕ್ಕೂ ಬೇರೆಬೇರೆ ಪದಗಳನ್ನೇ ಇಟ್ಟುಕೊಂಡಿದೆ. ಮೊದಲನೆಯದಕ್ಕೆ ‘ಕೂಡದು’, ‘ಬಾರದು’, ಎರಡನೆಯದಕ್ಕೆ ‘ಬೇಕಾಗಿಲ್ಲ’, ‘ಬೇಕಿಲ್ಲ’. ನಮ್ಮವರು ತಪ್ಪುವುದು ‘ಬೇಕಾಗಿಲ್ಲ’ವನ್ನು ತುಂಡು ಮಾಡಿ, ‘ಬೇಕು’ ಎಂದರೆ ಮಸ್ಟ್, ‘ಇಲ್ಲ’ ಎಂದರೆ ನಾಟ್ ಎಂದು ಜೋಡಿಸುವುದರಿಂದ. ತುಂಡು ಮಾಡಬೇಡಿ. ‘ಬೇಕಾಗಿಲ್ಲ’ವನ್ನು ಇಡಿಯಾಗಿ ‘ಡೋಂಟ್ ಹ್ಯಾವ್ ಟು’ ಎಂದೂ, ‘ಕೂಡದು’ವನ್ನು ಇಡಿಯಾಗಿ ‘ಮಸ್ಟ್ ನಾಟ್’ ಎಂದೂ ಕಲಿಯಿರಿ.

ಬ್ಯಾಂಕಿನ ಎರಡು ಮಾತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಟಿಪಿಯನ್ನು ಯಾರಿಗೂ ಹೇಳಕೂಡದು: ‘ಯು ಮಸ್ಟ್ ನಾಟ್ ಶೇರ್ ದ ಒಟಿಪಿ’. ಹಣ ಕಳಿಸಲು ಬ್ಯಾಂಕಿಗೆ ಬರಬೇಕಾಗಿಲ್ಲ: ‘ಯು ಡೋಂಟ್ ಹ್ಯಾವ್ ಟು ಕಮ್ ಟು ದ ಬ್ಯಾಂಕ್’. ಇವೆರಡನ್ನು ಅದಲುಬದಲು ಮಾಡಿದರೆ, ಒಟಿಪಿಯನ್ನು ಇಷ್ಟವಿದ್ದರೆ ಹೇಳಬಹುದು ಎಂದಾಗುತ್ತದೆ, ಗ್ರಾಹಕ ಬ್ಯಾಂಕಿನ ಮೆಟ್ಟಿಲು ಹತ್ತುವುದು ನಿಷಿದ್ಧ ಎಂದಾಗುತ್ತದೆ.

‘ಬೇಡ’ ಎಂಬ ಪದದಲ್ಲಿ ಇನ್ನೊಂದು ತೊಡಕಿದೆ. ‘ನಾಳೆ ನೀವು ಬರುವುದು ಬೇಡ’ ಎಂದರೆ ‘ತೊಂದರೆ ತೆಗೆದುಕೊಳ್ಳಬೇಡಿ, ನಾವೇ ನೋಡಿಕೊಳ್ಳುತ್ತೇವೆ’ ಎಂದೂ ಆಗಬಹುದು, ‘ಬಂದರೆ ಚೆನ್ನಾಗಿರುವುದಿಲ್ಲ’ ಎಂದೂ ಆಗಬಹುದು. ನಮ್ಮಲ್ಲಿ ಮುಖಭಾವ ಮತ್ತು ದನಿ ಆ ವ್ಯತ್ಯಾಸವನ್ನು ತಿಳಿಸುತ್ತವೆ, ಇಮೇಲ್‌ನಲ್ಲಿ ಅವೆರಡೂ ಇರುವುದಿಲ್ಲ. ಆದ್ದರಿಂದ ‘ಬೇಡ’ ಎಂಬ ವಾಕ್ಯವನ್ನು ನೇರವಾಗಿ ಇಂಗ್ಲಿಷಿಗೆ ತರಬೇಡಿ. ಮೊದಲು ಅದನ್ನು ‘ಬರಬೇಕಾಗಿಲ್ಲ’ ಅಥವಾ ‘ಬರಬಾರದು’ ಎಂದು ಕನ್ನಡದಲ್ಲೇ ಬಿಡಿಸಿ, ಆಮೇಲೆ ಬರೆಯಿರಿ. ‘ಬಾರದು’ ಕೂಡ ಎರಡು ಬಗೆ. ‘ರಾತ್ರಿ ತಡವಾಗಿ ಊಟ ಮಾಡಬಾರದು’ ಎಂಬುದು ಹಿತವಚನ, ಅದಕ್ಕೆ ಶುಡ್ ನಾಟ್. ‘ಪೆಟ್ರೋಲ್ ಬಂಕಿನಲ್ಲಿ ಬೀಡಿ ಹಚ್ಚಬಾರದು’ ಎಂಬುದು ನಿಷೇಧ, ಅದಕ್ಕೆ ಮಸ್ಟ್ ನಾಟ್. ‘ಕೂಡದು’ ಎಂದು ಬದಲಿಸಿ ನೋಡಿದರೆ ಯಾವುದು ಯಾವುದೆಂದು ಕಿವಿಯೇ ಹೇಳುತ್ತದೆ.

ಕಚೇರಿ ಪತ್ರಗಳಲ್ಲಿ ‘ಡೋಂಟ್ ಹ್ಯಾವ್ ಟು’ವಿನ ಬದಲು ‘ಯು ನೀಡ್ ನಾಟ್ ಕಮ್’ ಎಂಬ ರೂಪ ನನಗೆ ಇಷ್ಟ. ಅದು ಚಿಕ್ಕದು, ಸಭ್ಯವಾದದ್ದು. ಆದರೆ ‘ನೀಡ್ ನಾಟ್ ಟು ಕಮ್’ ಎಂದು ಬರೆಯಬೇಡಿ. ‘ಟು’ ಬೇಕೆಂದರೆ ‘ಡೋಂಟ್ ನೀಡ್ ಟು ಕಮ್’ ಎನ್ನಬೇಕು. ಮೊಬೈಲ್‌ನ ಅನುವಾದಕವನ್ನು ಈ ಹಂತದಲ್ಲಿ ನೆಚ್ಚಿಕೊಳ್ಳಬೇಡಿ. ‘ಬರುವುದು ಬೇಡ’ ಎಂದು ನೀವು ಯಾವ ಅರ್ಥದಲ್ಲಿ ಬರೆದಿರಿ ಎಂಬುದು ನಿಮಗಲ್ಲದೆ ಅದಕ್ಕೆ ತಿಳಿಯುವ ಬಗೆಯಿಲ್ಲ.

ಐದನೆಯ ಹೆಜ್ಜೆ: ಕಳೆದುಹೋದ ‘ಬೇಕು’

ಮಸ್ಟ್‌ಗೆ ಭೂತಕಾಲದ ರೂಪವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದೇ ಬೇರೊಂದು ಕ್ರಿಯಾಪದದ ಭೂತಕಾಲವಾಗಿತ್ತು. ಆ ಮೂಲಪದ ಬಳಕೆಯಿಂದ ಮರೆಯಾಗಿ, ಭೂತರೂಪ ಮಾತ್ರ ವರ್ತಮಾನದ ಅರ್ಥ ಹೊತ್ತು ಉಳಿದುಕೊಂಡಿತು. ಹಾಗಾಗಿ ‘ನಿನ್ನೆ’ ಎಂಬ ಪದ ಬಂದಾಗ ನಮ್ಮವರು ‘ಮಸ್ಟ್ ಹ್ಯಾವ್’ ಎಂಬುದಕ್ಕೆ ಕೈಹಾಕುತ್ತಾರೆ. ಸಂದರ್ಶನವೊಂದರಲ್ಲಿ ಯುವಕನೊಬ್ಬ ತಂದೆಯ ಅನಾರೋಗ್ಯದಿಂದ ಹಿಂದಿನ ಕೆಲಸ ಬಿಡಬೇಕಾಯಿತೆಂದು ಹೇಳಲು ‘ಐ ಮಸ್ಟ್ ಹ್ಯಾವ್ ಲೆಫ್ಟ್ ದ ಜಾಬ್’ ಎಂದ. ಕೇಳಿದವರ ಕಿವಿಗೆ ಅದು ‘ನಾನು ಕೆಲಸ ಬಿಟ್ಟಿರಬೇಕು’ ಎಂದು, ತನ್ನ ಬದುಕಿನ ಬಗ್ಗೆ ತಾನೇ ಊಹಿಸುವವನ ಮಾತಿನಂತೆ ಬಿದ್ದಿತು.

ಕನ್ನಡದ ಮೂರು ರೂಪಗಳನ್ನು ಗಟ್ಟಿಯಾಗಿ ಹೇಳಿಕೊಳ್ಳಿ. ‘ಹೋಗಬೇಕಾಯಿತು’ ಎಂದರೆ ಒತ್ತಾಯವಿತ್ತು, ಹೋದದ್ದೂ ಆಯಿತು: ‘ಐ ಹ್ಯಾಡ್ ಟು ಗೋ’. ‘ಹೋಗಬೇಕಿತ್ತು’ ಎಂದರೆ ಹೋಗುವುದು ಸರಿಯಾಗಿತ್ತು, ಹೋಗಲಿಲ್ಲ: ‘ಐ ಶುಡ್ ಹ್ಯಾವ್ ಗಾನ್’. ‘ಹೋಗಿರಬೇಕು’ ಎಂದರೆ ಊಹೆ: ‘ಹಿ ಮಸ್ಟ್ ಹ್ಯಾವ್ ಗಾನ್’. ಊಹೆಗೂ ಕಡ್ಡಾಯಕ್ಕೂ ಒಂದೇ ಪದ ಬಳಸುವ ಅಭ್ಯಾಸ ಎರಡೂ ಭಾಷೆಗಳಲ್ಲಿದೆ ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ. ‘ಅವರು ಮನೆಯಲ್ಲಿ ಇರಬೇಕು’ ಎಂಬುದನ್ನು ನಾವು ಆಜ್ಞೆಯಾಗಿಯೂ ಕೇಳಬಹುದು, ಅಂದಾಜಾಗಿಯೂ ಕೇಳಬಹುದು. ಆದರೆ ಊಹೆಯನ್ನು ಅಲ್ಲಗಳೆಯುವಾಗ, ‘ಅವರು ಹೋಗಿರಲಾರರು’ ಎಂಬುದಕ್ಕೆ ‘ಕಾಂಟ್ ಹ್ಯಾವ್ ಗಾನ್’ ಬಳಸಿ.

‘ಬೇಕಿತ್ತು’ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ನಮ್ಮ ಕಾಲದಲ್ಲಿ ನೀರಿಗೆ ಎರಡು ಮೈಲಿ ನಡೆಯಬೇಕಿತ್ತು’ ಎಂದು ಅಜ್ಜಿ ಹೇಳಿದರೆ ಅವರು ದಿನವೂ ನಡೆದಿದ್ದಾರೆ. ಅಲ್ಲಿ ‘ಹ್ಯಾಡ್ ಟು ವಾಕ್’ ಸರಿ, ಶುಡ್ ಹ್ಯಾವ್ ತಪ್ಪು. ಹಳೆಯ ದಿನಚರಿಯನ್ನು ಹೇಳುವ ‘ಬೇಕಿತ್ತು’ವಿಗೂ, ತಪ್ಪಿಹೋದ ಒಂದು ಸಂದರ್ಭವನ್ನು ನೆನೆಯುವ ‘ಬೇಕಿತ್ತು’ವಿಗೂ ಇರುವ ಅಂತರವನ್ನು ನೋಡಲು ನನ್ನ ಉಪಾಯ ಇಷ್ಟೇ: ‘ಆದರೆ ಹಾಗಾಗಲಿಲ್ಲ’ ಎಂದು ಕೊನೆಗೆ ಸೇರಿಸಿ. ಹೊಂದಿದರೆ ಶುಡ್ ಹ್ಯಾವ್. ‘ಬಾರದಿತ್ತು’ ಬಂದಾಗ ‘ಆದರೆ ಹಾಗಾಗಿಬಿಟ್ಟಿತು’ ಎಂದು ಸೇರಿಸಿ ನೋಡಿ. ಹೊಂದಿದರೆ ಶುಡ್ ನಾಟ್ ಹ್ಯಾವ್.

ಆರನೆಯ ಹೆಜ್ಜೆ: ಮರ್ಯಾದೆ

‘ನಾಳೆಯೊಳಗೆ ಫೈಲ್ ಕಳಿಸಬೇಕು ಸರ್’ ಎಂದಾಗ ನಮ್ಮ ಮಾತಿನ ಗೌರವವನ್ನು ‘ಸರ್’, ‘ತಾವು’, ‘ನೀವು’ಗಳೂ ಕ್ರಿಯಾಪದದ ಕೊನೆಯೂ ಹೊರುತ್ತವೆ. ಇಂಗ್ಲಿಷಿನ ‘ಯು’ಗೆ ನೀನು, ನೀವು ಎಂಬ ಭೇದವಿಲ್ಲವಾದ್ದರಿಂದ ಆ ಭಾರವನ್ನು ಸಹಾಯಕ ಪದವೇ ಹೊರಬೇಕಾಗುತ್ತದೆ. ‘ಯು ಮಸ್ಟ್ ಸೆಂಡ್ ದ ಫೈಲ್ ಬೈ ಟುಮಾರೊ’ ಎಂದು ಮೇಲಧಿಕಾರಿಗೆ ಬರೆದರೆ ಅದು ಅಪ್ಪಣೆ. ‘ಕುಡ್ ಯು ಪ್ಲೀಸ್ ಸೆಂಡ್’ ಅಥವಾ ‘ವಿ ನೀಡ್ ದ ಫೈಲ್ ಬೈ ಟುಮಾರೊ’ ಎಂದು ಬರೆಯಿರಿ. ‘ಯು ಹ್ಯಾಡ್ ಬೆಟರ್’ ಎಂಬುದನ್ನು ಮೃದುವಾದ ಸಲಹೆ ಎಂದು ತಿಳಿದವರು ಬಹಳ ಮಂದಿ. ಅದರೊಳಗೆ ‘ಇಲ್ಲದಿದ್ದರೆ ನೋಡು’ ಎಂಬ ಬೆದರಿಕೆ ಅಡಗಿದೆ. ಆತಿಥ್ಯದಲ್ಲಿ ಮಾತ್ರ ಮಸ್ಟ್ ಸಿಹಿಯಾಗುತ್ತದೆ. ‘ಊಟಕ್ಕೆ ನೀವು ಬರಲೇಬೇಕು’ ಎಂಬ ನಮ್ಮ ಒತ್ತಾಯದಂತೆ ‘ಯು ಮಸ್ಟ್ ಕಮ್ ಫಾರ್ ಡಿನ್ನರ್’ ಎಂಬುದೂ ಪ್ರೀತಿಯ ಮಾತೇ.

ಏಳನೆಯ ಹೆಜ್ಜೆ: ಕಾನೂನು ಮತ್ತು ತಾಂತ್ರಿಕ ಬರಹ

ಶಲ್ ಎಂಬುದು ನಮ್ಮ ಶಾಸನಗಳ ‘ತಕ್ಕದ್ದು’. ಸಂವಿಧಾನದ 14ನೆಯ ಅನುಚ್ಛೇದ ‘ದ ಸ್ಟೇಟ್ ಶಲ್ ನಾಟ್ ಡಿನೈ’ ಎಂದು ಆರಂಭವಾಗುತ್ತದೆ. 1976ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳ ಅನುಚ್ಛೇದವೂ ‘ಇಟ್ ಶಲ್ ಬಿ ದ ಡ್ಯೂಟಿ’ ಎಂದೇ ತೊಡಗುತ್ತದೆ. ಕರಾರುಪತ್ರದಲ್ಲಿ ಶಲ್ ಕಂಡರೆ ಅದು ‘ಮಾಡಲೇಬೇಕು’ ಎಂದು ಓದಿ ಸಹಿ ಮಾಡಿ. ನೀವೇ ಬರೆಯುವಾಗ ಮಾತ್ರ ಅದನ್ನು ಬಿಟ್ಟು ಮಸ್ಟ್ ಬರೆಯಿರಿ. ಅಮೆರಿಕದ ಫೆಡರಲ್ ನ್ಯಾಯಾಲಯಗಳ ಸಿವಿಲ್ ನಿಯಮಗಳನ್ನು 2007ರಲ್ಲಿ ತಿಳಿಭಾಷೆಗೆ ತಂದಾಗಲೂ ಶಲ್ ಇದ್ದಲ್ಲಿ ಬಹುತೇಕ ಮಸ್ಟ್ ಬಂದಿತು.

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದಾಖಲೆ ಬರೆಯುವವರು ಇಂಟರ್ನೆಟ್ ಮಾನದಂಡಗಳ ಆರ್‌ಎಫ್‌ಸಿ 2119 ಎಂಬ ಚಿಕ್ಕ ದಾಖಲೆಯನ್ನು ಒಮ್ಮೆ ಓದಲೇಬೇಕು. 1997ರ ಈ ದಾಖಲೆಯಲ್ಲಿ ಮಸ್ಟ್ ಮತ್ತು ಶಲ್ ಎರಡಕ್ಕೂ ಒಂದೇ ಅರ್ಥ, ಅದು ಕಡ್ಡಾಯ. ಶುಡ್ ಎಂದರೆ, ಸಕಾರಣವಿದ್ದರೆ ಪರಿಣಾಮಗಳನ್ನೆಲ್ಲ ಅರಿತುಕೊಂಡು ಬಿಡಬಹುದಾದದ್ದು. ಹೀಗಿರುವಾಗ ಕಡ್ಡಾಯವಾದ ಸುರಕ್ಷತಾ ನಿಯಮವನ್ನು ಸೌಜನ್ಯಕ್ಕೆಂದು ಶುಡ್ ಎಂದು ಬರೆದರೆ, ಓದುವ ಎಂಜಿನಿಯರ್ ಅದನ್ನು ಬಿಡುವ ಹಕ್ಕು ತನಗಿದೆಯೆಂದೇ ತಿಳಿಯುತ್ತಾನೆ.

ಉಚ್ಚಾರಣೆ

‘ಹ್ಯಾವ್ ಟು’ ಎಂಬುದು ಮಾತಿನಲ್ಲಿ ‘ಹ್ಯಾಫ್ ಟು’ ಎಂದು ಕೇಳಿಸುತ್ತದೆ, ‘ಹ್ಯಾಸ್ ಟು’ ಕೂಡ ಒಂದೇ ಉಸಿರಿನಲ್ಲಿ ಕೂಡಿ ಬರುತ್ತದೆ. ‘ಮಸ್ಟ್ ನಾಟ್’ ಸಂಕ್ಷೇಪಗೊಂಡಾಗ ಮೊದಲ ‘ಟ್’ ಮೌನವಾಗಿ ‘ಮಸನ್ಟ್’ ಎಂದಾಗುತ್ತದೆ. ಕೇಳಿ ಗುರುತಿಸಲು ಇದು ತಿಳಿದಿರಲಿ. ಫೋನಿನಲ್ಲಿ ಔಷಧಿಯ ಪ್ರಮಾಣ, ಯಂತ್ರದ ಸುರಕ್ಷತೆ, ಹಣದ ವಿಚಾರ ಹೇಳುವಾಗ ಮಾತ್ರ ಸಂಕ್ಷೇಪವನ್ನು ಬಿಟ್ಟು, ‘ಮಸ್ಟ್’ ಮತ್ತು ‘ನಾಟ್’ ಎರಡನ್ನೂ ಬಿಡಿಬಿಡಿಯಾಗಿ, ‘ನಾಟ್’ ಮೇಲೆ ಒತ್ತು ಕೊಟ್ಟು ಹೇಳಿ.