ಇಂಟರ್‌ವ್ಯೂ ಚೆನ್ನಾಗಾದ್ರೆ ಸೀಟು ಸಿಗುತ್ತಾ?

ಸಂಕ್ರಾಂತಿಗೆ ನ್ಯೂಜೆರ್ಸಿಯಲ್ಲೇ ಇರುವ ಗೆಳತಿಯ ಮನೆಗೆ ಹೋಗಿದ್ದೆ. ಎಳ್ಳು ಬೆಲ್ಲ ಕೈಗಿಡುತ್ತಾ ಒಬ್ಬರು ಕೇಳಿದರು, "ಅಕ್ಕಾ, ಮಗಳ ಕಾಲೇಜು ಸೀಟಿನ ಇಂಟರ್‌ವ್ಯೂ ತುಂಬಾ ಚೆನ್ನಾಗಿ ಆಯ್ತಂತೆ. ಇನ್ನು ಸೀಟು ಸಿಕ್ಕ ಹಾಗೇ ಅಲ್ವಾ?" ಎಳ್ಳು ಬೆಲ್ಲ ತಿಂದ ಬಾಯಲ್ಲಿ ಒಳ್ಳೆ ಮಾತೇ ಆಡಬೇಕಲ್ಲ. ಸುಮ್ಮನೆ ನಕ್ಕೆ.

9 ವರ್ಷದಿಂದ ನಾನು ಓದಿದ ಯೂನಿವರ್ಸಿಟಿಯ ಪರವಾಗಿ ಇಲ್ಲಿನ ಹೈಸ್ಕೂಲು ಮಕ್ಕಳನ್ನು ಇಂಟರ್‌ವ್ಯೂ ಮಾಡುತ್ತಿದ್ದೇನೆ. ಸಂಬಳ ಗಿಂಬಳ ಇಲ್ಲ. ಇಲ್ಲಿಯವರೆಗೆ 60 ಚಿಲ್ಲರೆ ಮಕ್ಕಳು. ಸೀಟು ಸಿಕ್ಕಿದ್ದು ಮೂವರಿಗೆ.

ನನ್ನ ಕೈಗೆ ಬರುವುದು ಹೆಸರು, ಸ್ಕೂಲು, ಫೋನ್ ನಂಬರ್, ಅಷ್ಟೇ. ಮಾರ್ಕ್ಸ್ ಇಲ್ಲ, ಪ್ರಬಂಧ ಇಲ್ಲ. ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯಲ್ಲಿ ಎಷ್ಟು ಬಂತು ಅಂತ ಕೇಳುವ ಹಾಗೂ ಇಲ್ಲ. ಲೈಬ್ರರಿಯ ಪುಟ್ಟ ರೂಮಿನಲ್ಲೋ ಜೂಮ್‌ನಲ್ಲೋ ಮುಕ್ಕಾಲು ಗಂಟೆ ಮಾತಾಡಿ, ಒಂದು ಪುಟ ಬರೆದು ಕಳಿಸುತ್ತೇನೆ. ಉಡುಗೊರೆ ತಗೊಳ್ಳುವಂತಿಲ್ಲ. ಒಬ್ಬ ತಾಯಿ ತಂದ ಮೈಸೂರು ಪಾಕಿನ ಡಬ್ಬ ಹಾಗೇ ವಾಪಸ್ ಹೋಯಿತು. ಆ ತುಪ್ಪದ ಘಮ ಮಾತ್ರ ರೂಮಿನಲ್ಲೇ ಉಳಿಯಿತು, ಪಾಪ.

ಆ ಒಂದು ಪುಟಕ್ಕೆ ಎಷ್ಟು ತೂಕ? 2018ರಲ್ಲಿ ಬಾಸ್ಟನ್‌ನ ಕೋರ್ಟಿನಲ್ಲಿ ಹಾರ್ವರ್ಡ್ ಯೂನಿವರ್ಸಿಟಿ ಸೀಟು ಕೊಡುವಾಗ ಏಷ್ಯಾ ಮೂಲದ ಮಕ್ಕಳಿಗೆ ಭೇದ ಮಾಡುತ್ತದೆ ಎಂಬ ಕೇಸು ನಡೆದಾಗ ನಮ್ಮಂಥವರಿಗೆ ಕಣ್ಣು ತೆರೆಯಿತು. ಹಳೆ ವಿದ್ಯಾರ್ಥಿಗಳು ಮುಖಾಮುಖಿ ನೋಡಿ ವ್ಯಕ್ತಿತ್ವಕ್ಕೆ ಕೊಟ್ಟ ಅಂಕದಲ್ಲಿ ಏಷ್ಯಾ ಮೂಲದ ಮಕ್ಕಳೂ ಬಿಳಿಯ ಮಕ್ಕಳೂ ಹೆಚ್ಚು ಕಡಿಮೆ ಸಮ. ಮಕ್ಕಳನ್ನು ಬಹುತೇಕ ಫೈಲಿನಲ್ಲಷ್ಟೇ ನೋಡುವ ಅಡ್ಮಿಷನ್ ಆಫೀಸು ಕೊಟ್ಟ ಅಂಕದಲ್ಲಿ ಏಷ್ಯಾದವರು ಹಿಂದೆ. ಅಂದರೆ ನಮ್ಮ ಮಾತು ಅಲ್ಲಿ ಹಾಗೇ ನಡೆಯುವುದಿಲ್ಲ. ಕೊಲಂಬಿಯಾ ಯೂನಿವರ್ಸಿಟಿ ಅಂತೂ 2023ರಲ್ಲಿ ಈ ಇಂಟರ್‌ವ್ಯೂಗಳನ್ನೇ ನಿಲ್ಲಿಸಿತು.

ಆದರೂ ನಾನು ಬಿಟ್ಟಿಲ್ಲ. ಕಾರಣ ಒಬ್ಬ ಹುಡುಗ. ಪ್ಲಾಸ್ಟಿಕ್ ಫೋಲ್ಡರ್ ಹಿಡಿದು ಬಂದ. ಇಪ್ಪತ್ತು ನಿಮಿಷ ಗಿಳಿಪಾಠ. ಕ್ಲಬ್ಬು, ಲೀಡರ್‌ಶಿಪ್ಪು, ಸಮಾಜಸೇವೆ. ಅವನ ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸ್ ಕಂಡಿತು. ಇದೇನಪ್ಪಾ ಅಂದೆ. ಅಕ್ಕಪಕ್ಕದ ಮನೆಯವರ ಸ್ನೋ ಬ್ಲೋವರ್, ಅಂದರೆ ಹಿಮ ತೆಗೆಯುವ ಮಷೀನು, ರಿಪೇರಿ ಮಾಡುತ್ತಾನಂತೆ. ಬೇಸಿಗೆ ಪೂರ್ತಿ ಹಳೆ ಪೆಟ್ರೋಲು ಟ್ಯಾಂಕಿನಲ್ಲೇ ಬಿಟ್ಟಿರುತ್ತಾರೆ, ಕಾರ್ಬುರೇಟರ್‌ನ ಸಣ್ಣ ತೂತಿನಲ್ಲಿ ಅಂಟು ಕಟ್ಟುತ್ತೆ, ಸಪೂರ ತಂತಿ ಹಾಕಿ ಬಿಡಿಸಬೇಕು. ಪೆನ್ನಿನ ಕ್ಯಾಪು ಬಿಚ್ಚಿ ತೋರಿಸಿದ. ಕಣ್ಣು ಹೊಳೆಯುತ್ತಿತ್ತು. ಅಪ್ಲಿಕೇಷನ್‌ನಲ್ಲಿ ಬರೆದಿದ್ದೀಯಾ ಅಂದರೆ, ಇಲ್ಲ, ಇದನ್ನೆಲ್ಲಾ ಏನು ಬರೆಯೋದು ಅಂದ!

ನನ್ನ ಪುಟ ಪೂರ್ತಿ ಅದೇ ಬರೆದೆ. ಫೈಲಿನಲ್ಲಿ ಇಲ್ಲದ್ದನ್ನು ಸೇರಿಸಿದರೆ ಮಾತ್ರ ನಮ್ಮ ಬರಹಕ್ಕೆ ಬೆಲೆ ಅಂತ ನನ್ನ ಲೆಕ್ಕ. ಮಾರ್ಚ್ ಕೊನೆಗೆ ರಿಸಲ್ಟ್ ಬಂತು. ಅವನಿಗೆ ಸಿಗಲಿಲ್ಲ. ನಾನು ಸಾಧಾರಣ ಅಂತ ಬರೆದಿದ್ದ ಹುಡುಗಿಗೆ ಸಿಕ್ಕಿತು.

ಸಿಇಟಿ ರ್‍ಯಾಂಕ್ ಹಿಡಿದು ಸೀಟು ತಗೊಂಡ ನಮಗೆ ಇದು ಅರಗುವುದಿಲ್ಲ. ಅಲ್ಲಿ ಸಿಗಲಿಲ್ಲ ಅಂದರೆ ಯಾಕೆ ಅಂತ ಹೇಳಲು ಒಂದು ನಂಬರ್ ಇರುತ್ತಿತ್ತು. ಇಲ್ಲಿ ನನಗೂ ಯಾರೂ ಕಾರಣ ಹೇಳುವುದಿಲ್ಲ. ನಮ್ಮೆದುರು ಕೂತು ಸಿಗುವ ಸೀಟು ಕೆಡಿಸಿಕೊಳ್ಳುವುದು ಮಾತ್ರ ಸುಲಭ. "ಈ ಕಾಲೇಜು ಅಪ್ಪನ ಆಸೆ, ನನಗೇನಿಲ್ಲ" ಅಂದವನೊಬ್ಬನಿದ್ದ. ಅದನ್ನೂ ಹಾಗೇ ಬರೆದೆ.

ಮೊನ್ನೆ ಹಿಮ ಬಿದ್ದ ಬೆಳಿಗ್ಗೆ ನಮ್ಮ ಸ್ನೋ ಬ್ಲೋವರ್ ಸ್ಟಾರ್ಟ್ ಆಗಲಿಲ್ಲ. ಟ್ಯಾಂಕ್ ಮುಚ್ಚಳ ತೆಗೆದು ಮೂಸಿ ನೋಡಿದೆ. ಹೋದ ವರ್ಷದ ಪೆಟ್ರೋಲು.