ಆಷಾಢದಲ್ಲಿ ಹಿಡಿದ ಜಯನಗರದ ಮನೆ

"ಆಷಾಢದಲ್ಲಿ ಯಾರಾದ್ರೂ ಮನೆ ಹುಡುಕ್ತಾರೇನೇ?" ಅಂತ ಅತ್ತೆ. "ಜಯನಗರದಲ್ಲಿ 35 ಸಾವಿರಕ್ಕೆ ಡಬಲ್ ಬೆಡ್‌ರೂಮಾ? ಮೇಡಂ, ಹತ್ತು ವರ್ಷ ಲೇಟು" ಅಂತ ಬ್ರೋಕರ್. ನನ್ನ ಗಂಡನಂತೂ, "ಹಳದಿ ಮೆಟ್ರೋ ನಂಬ್ಕೊಂಡು ಮನೆ ಮಾಡ್ತೀಯಾ? ಅದು ಬರೋದು ನಾನು ರಿಟೈರ್ ಆದ್ಮೇಲೆ" ಅಂತ ಅಂದು ಮಲಗಿದರು.

ಈಗ ಅದೇ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಐದನೇ ಬ್ಲಾಕ್, ಮೊದಲನೇ ಮಹಡಿ, 34 ಸಾವಿರ ಬಾಡಿಗೆ, ಒಂದೂವರೆ ಲಕ್ಷ ಅಡ್ವಾನ್ಸ್, ಕಮಿಷನ್ ಸೊನ್ನೆ. ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೋಗುವ ಹಳದಿ ಮೆಟ್ರೋ ಹೊರಡುವ ಆರ್.ವಿ. ರೋಡ್ ಸ್ಟೇಷನ್ನಿಗೆ ನನ್ನ ನಡಿಗೆಯಲ್ಲಿ ಹನ್ನೆರಡು ನಿಮಿಷ. ಸ್ವಲ್ಪ ಜಂಭ ಕಾಣಿಸಿದರೆ ಸಹಿಸಿಕೊಳ್ಳಿ, ನಾಲ್ಕು ತಿಂಗಳು ಒದ್ದಾಡಿದ್ದೇನೆ.

ಮೊದಲು ಸೋತ ಕಥೆ. ಹುಡುಕಲು ಶುರು ಮಾಡಿದ್ದು 2025ರ ಮಾರ್ಚಿನಲ್ಲಿ. ಆಗ ಬೇಗೂರಿನಲ್ಲಿದ್ದೆವು, ಬಾಡಿಗೆ 21 ಸಾವಿರ. ಗಂಡನ ಆಫೀಸು ಎಲೆಕ್ಟ್ರಾನಿಕ್ ಸಿಟಿ, ನನ್ನದು ಲಾಲ್‌ಬಾಗ್ ಹತ್ತಿರ, ಮಗಳದು ಬೇರೆ ದಿಕ್ಕು. ಎಲ್ಲರ ಹಾಗೆ ನಾನೂ ಒಂದು ಆಪ್‌ಗೆ ಮೂರು ಸಾವಿರ ಚಿಲ್ಲರೆ ಕಟ್ಟಿದೆ. ತೋರಿಸಿದ ಮನೆಗಳಲ್ಲಿ ಅರ್ಧ ಆಗಲೇ ಹೋಗಿದ್ದವು. ಉಳಿದ ಅರ್ಧದಲ್ಲಿ ಫೋಟೋದ ಹಾಲ್ ನಮ್ಮ ಹಾಲ್‌ನಷ್ಟೇ ಇತ್ತು, ಕ್ಯಾಮೆರಾ ಮಾತ್ರ ಚೆನ್ನಾಗಿತ್ತು.

ಆಮೇಲೆ ಬ್ರೋಕರ್. "ಟೋಕನ್ ಹಾಕಿಬಿಡಿ ಮೇಡಂ, ಸಂಜೆಗೆ ಹೋಗತ್ತೆ" ಅಂದ. ಹತ್ತು ಸಾವಿರ ಹಾಕಿದೆ. ಮನೆ ಸಂಜೆಗೆ ಹೋಯಿತು, ಆದರೆ ಬೇರೆಯವರಿಗೆ. ಅವರು ಎರಡು ಸಾವಿರ ಜಾಸ್ತಿ ಅಂದಿದ್ದರಂತೆ. ಹತ್ತು ಹನ್ನೆರಡು ಫೋನು ಮಾಡಿದ ಮೇಲೆ ಆರು ಸಾವಿರ ವಾಪಸ್ ಬಂತು. ಉಳಿದ ನಾಲ್ಕು ಇವತ್ತಿಗೂ "ನಾಳೆ ಹಾಕ್ತೀನಿ".

ನಾಲ್ಕನೇ ಟಿ ಬ್ಲಾಕಿನ ಮನೆ ಮಾತ್ರ ಇನ್ನೂ ಮನಸ್ಸಿನಲ್ಲಿದೆ. ಬಾಲ್ಕನಿ ಎದುರಿಗೇ ಹೊಂಗೆ ಮರ. ಓನರ್ ಆಂಟಿ ಕೂರಿಸಿ ಕಾಫಿ ಕೊಟ್ಟರು. ನಮ್ಮೂರು ಅರಸೀಕೆರೆ ಅಂದಾಗ ಅವರ ತಂಗಿ ಅಲ್ಲೇ ಟೀಚರ್ ಆಗಿದ್ದರು ಅಂತ ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ಮೆಲ್ಲಗೆ, "ಮೊಟ್ಟೆ, ಮೀನು ಅಂತೆಲ್ಲ ಏನಾದ್ರೂ..." ಅಂದರು. ನಾನು ನಿಜ ಹೇಳಿದೆ: ಭಾನುವಾರ ಕೋಳಿ, ಹಬ್ಬದ ಮಾರನೇ ದಿನ ಮಟನ್. ಲೋಟದಲ್ಲಿ ಕಾಫಿ ಇನ್ನೂ ಅರ್ಧ ಇತ್ತು. "ಮಗನ್ನ ಒಂದು ಮಾತು ಕೇಳಿ ಫೋನ್ ಮಾಡ್ತೀನಮ್ಮ" ಅಂದರು. ಮಗನನ್ನು ಇನ್ನೂ ಕೇಳುತ್ತಿರಬೇಕು.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಫೋನಿನಲ್ಲಿ ಬಾಡಿಗೆ ಎಷ್ಟು ಅಂತ ಕೇಳುವ ಮೊದಲೇ "ನಾವು ನಾನ್‌ವೆಜ್ ಮಾಡುವವರು" ಅಂತ ಹೇಳಿಬಿಡುವುದು. ಅರ್ಧಕ್ಕರ್ಧ ಮನೆ ಅಲ್ಲೇ ಬಿದ್ದುಹೋದವು. ಪೆಟ್ರೋಲು ಉಳಿಯಿತು, ಮನಸ್ಸೂ ಉಳಿಯಿತು.

ಇನ್ನೊಂದು ಮೂರ್ಖತನ ಏಪ್ರಿಲ್‌ನಲ್ಲಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಅಂತ ಇದೆಯಲ್ಲ, ಅದನ್ನು ಓದಿಕೊಂಡು ಹೋಗಿ ಒಬ್ಬ ಓನರ್ ಮುಂದೆ ಹೇಳಿದೆ. "ಹಾಗಾದ್ರೆ ಕೇಂದ್ರದವರ ಮನೇಲೇ ಇರಮ್ಮ" ಅಂದರು. ಗೇಟು ತನಕವೂ ಬರಲಿಲ್ಲ.

ಜೂನ್ ಬಂತು. ಶಾಲೆ ಶುರುವಾಯಿತು. ಮನೆ ಬದಲಿಸಬೇಕಾದವರೆಲ್ಲ ಮೇ ಕೊನೆಯೊಳಗೆ ಬದಲಿಸಿಕೊಂಡಾಗಿತ್ತು. ಒಂದು ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿದಾಗ ಓನರ್ ಹೇಳಿದರು, "ಇನ್ನೇನು ಆಷಾಢ ಬಂತಲ್ಲ, ಶ್ರಾವಣಕ್ಕೆ ಬನ್ನಿ ನೋಡೋಣ." ಫೋನ್ ಇಟ್ಟ ಮೇಲೆ ತಲೆಗೆ ಹೊಳೆಯಿತು. ಈ ಮನುಷ್ಯ ಒಂದು ತಿಂಗಳ ಬಾಡಿಗೆ ಹೋಯಿತು ಅಂತ ಆಗಲೇ ಲೆಕ್ಕ ಬರೆದುಕೊಂಡಿದ್ದಾರೆ. ಹೋದ ದುಡ್ಡನ್ನು ನಾನು ಕೈಗೆ ಕೊಟ್ಟರೆ ಏನಾದರೂ ಬಿಟ್ಟುಕೊಡುತ್ತಾರಲ್ಲವಾ?

2025ರಲ್ಲಿ ಆಷಾಢ ಜೂನ್ 26ಕ್ಕೆ ಶುರುವಾಗಿ ಜುಲೈ 24ರ ಭೀಮನ ಅಮಾವಾಸ್ಯೆಗೆ ಮುಗಿಯಿತು. ಆ ನಾಲ್ಕು ವಾರ ನನ್ನ ಸೀಸನ್. ಮನೆ ನೋಡಲು ಹೋದರೆ ಇನ್ನೊಬ್ಬರು ಎದುರಿಗೆ ಬರುವುದಿಲ್ಲ. ಬ್ರೋಕರ್‌ಗಳೂ ತಣ್ಣಗಿರುತ್ತಾರೆ. ಹಳದಿ ಮಾರ್ಗ ಬರುತ್ತದೆ ಅಂತ ಕೆಲವರು ಬಾಡಿಗೆಗೆ ಅದನ್ನೂ ಸೇರಿಸಿ ಹೇಳುತ್ತಿದ್ದರು ನಿಜ. ಆದರೆ ಅದು ಎಷ್ಟು ಸಲ ಮುಂದಕ್ಕೆ ಹೋಗಿತ್ತೆಂದರೆ "ಯಾವಾಗ ಸರ್?" ಅಂತ ಕೇಳಿದರೆ ಓನರ್‌ಗಳೇ ನಗುತ್ತಿದ್ದರು.

ಬೋರ್ಡ್ ಇಲ್ಲದ ಮನೆ ಹುಡುಕುವುದು ಹೇಗೆ ಅಂತ ನನ್ನ ತಂಗಿ ದಿನಾ ಕೇಳುತ್ತಾಳೆ. ನಾನು ಮೊದಲು ಮಾಡಿದ್ದು ಪತ್ರದ ಪ್ರಯೋಗ. ಜಯನಗರದಲ್ಲಿ ಎಷ್ಟೋ ಹಳೇ ಮನೆಗಳ ಕೆಳಗೆ ಅಜ್ಜ ಅಜ್ಜಿ ಇರುತ್ತಾರೆ, ಮೇಲೆ ಬಾಡಿಗೆ, ಮಕ್ಕಳು ಅಮೆರಿಕ. ಸಂಜೆ ಹೊತ್ತು ನಡೆದುಕೊಂಡು ಹೋಗಿ ಮೇಲಿನ ಮನೆ ಖಾಲಿ ಅನ್ನಿಸಿದ್ದನ್ನು ಗುರುತು ಹಾಕಿಕೊಂಡೆ. ತಂತಿ ಮೇಲೆ ಬಟ್ಟೆ ಇಲ್ಲ, ಕಿಟಕಿಗೆ ಪರದೆ ಇಲ್ಲ, ಬಾಲ್ಕನಿಯಲ್ಲಿ ಪಾರಿವಾಳದ ಗಲೀಜು. ಅಂಥ ಮೂವತ್ತು ಮನೆಗಳ ಗೇಟಿನ ಡಬ್ಬಕ್ಕೆ ಕನ್ನಡದಲ್ಲಿ ಕೈಬರಹದ ಪತ್ರ ಹಾಕಿದೆ. ನಾಲ್ಕು ಫೋನ್ ಬಂತು. ಒಂದು ನ್ಯೂಜೆರ್ಸಿಯಿಂದ, ರಾತ್ರಿ ಹನ್ನೊಂದಕ್ಕೆ, ಗಂಡ ಹೆಂಡತಿ ಇಬ್ಬರದೂ ಲಿಂಕ್ಡ್‌ಇನ್ ಕಳಿಸಿ ಅಂತ. ಇನ್ನೊಬ್ಬರು ಬಾಡಿಗೆ ಅರ್ಧ ನಗದು ಕೊಡಿ ಅಂದರು. ನಮಗೆ ಎಚ್‌ಆರ್‌ಎ ತೆರಿಗೆ ವಿನಾಯಿತಿಗೆ ಓನರ್ ಪ್ಯಾನ್ ಬೇಕು, ಹಾಗಾಗಿ ಅದು ಬಿತ್ತು. ಮೂರನೆಯವರು ಮನೆ ಮಾರುವವರು. ನಾಲ್ಕನೆಯವರು ನಿವೃತ್ತ ಕನ್ನಡ ಮೇಷ್ಟ್ರು. "ಪತ್ರ ಚೆನ್ನಾಗಿದೆಯಮ್ಮ, ಅಕ್ಷರ ಮುತ್ತು. ಆದರೆ 'ಭಾಡಿಗೆ' ಅಲ್ಲ, 'ಬಾಡಿಗೆ'. ಎರಡು ಕಡೆ ತಪ್ಪಿದೆ" ಅಂದರು. ಮನೆ ಕೊಡುತ್ತೀರಾ ಸರ್ ಅಂದರೆ, "ಇಲ್ಲಮ್ಮ, ಅದು ಹೇಳೋಣ ಅಂತಲೇ ಮಾಡಿದೆ" ಅಂದು ಇಟ್ಟರು.

ಕೆಲಸ ಆಗಿದ್ದು ಇಸ್ತ್ರಿ ಗಾಡಿಯಲ್ಲಿ. ಯಾವ ಮನೆಯಲ್ಲಿ ಎಷ್ಟು ಜನ, ಯಾರು ಊರು ಬಿಡುತ್ತಾರೆ, ಇವೆಲ್ಲ ಓನರ್‌ಗಿಂತ ಮೊದಲು ಇಸ್ತ್ರಿ ಅಣ್ಣನಿಗೆ ಗೊತ್ತಿರುತ್ತದೆ. ಬೇಗೂರಿನಿಂದ ಸ್ಕೂಟರ್‌ನಲ್ಲಿ ಕಾಟನ್ ಸೀರೆ ಹೊತ್ತುಕೊಂಡು ಬಂದು ಜಯನಗರದಲ್ಲಿ ಇಸ್ತ್ರಿ ಮಾಡಿಸಿದವಳು ನಾನೊಬ್ಬಳೇ ಇರಬೇಕು. ಮೊದಲ ಎರಡು ಸಲ ಮನೆ ಸುದ್ದಿ ಎತ್ತಲೇ ಇಲ್ಲ. ಮೂರನೇ ಸಲ ಕೇಳಿದೆ. ಅಣ್ಣ ಪೆಟ್ಟಿಗೆಯ ಕೆಂಡ ಅಲ್ಲಾಡಿಸುತ್ತಾ, ತಲೆ ಎತ್ತದೆ ಹೇಳಿದರು: "ಆ ಕ್ರಾಸಲ್ಲಿ ಮೂಲೆಯಿಂದ ಮೂರನೇದು. ಮೇಲಿನವರು ಪೂನಾಕ್ಕೆ ಹೋಗ್ತಾರಂತೆ. ಇಷ್ಟು ದಿನ ವಾರಕ್ಕೆ ಹತ್ತು ಬಟ್ಟೆ ಕೊಡ್ತಿದ್ರು, ಈಗ ಕೋಟು, ರೇಷ್ಮೆ ಸೀರೆ ಎಲ್ಲ ಒಂದೇ ಸಲ ಕೊಟ್ಟವ್ರೆ." ಗಾಡಿ ಕೆಳಗೆ ಬೆಡ್‌ಶೀಟಿನ ದೊಡ್ಡ ಗಂಟು ಇತ್ತು.

ಕೆಳಗಿನ ಮನೆಯ ಯಜಮಾನರಿಗೆ ಎಪ್ಪತ್ತೈದು ದಾಟಿರಬೇಕು. ನಲವತ್ತು ಸಾವಿರ, ಹತ್ತು ತಿಂಗಳ ಅಡ್ವಾನ್ಸ್ ಅಂದರು. ಕೋಳಿ ವಿಷಯ ಮೊದಲೇ ಹೇಳಿದೆ. "ನಾನೇ ತಿಂತೀನಿ, ಇವಳಿಗೆ ಗೊತ್ತಾಗಬಾರದು" ಅಂತ ಒಳಗೆ ಕೈ ತೋರಿಸಿದರು.

ದುಡ್ಡಿನ ಮಾತು ಅವತ್ತೇ ಆಡಲಿಲ್ಲ. ಮೊದಲು ನೀರು ನೋಡಿದೆ. 2024ರ ಬೇಸಿಗೆ ಬೇಗೂರಿನಲ್ಲಿ ಕಳೆದವರಿಗೆ ಇದು ಹೇಳಬೇಕಾಗಿಲ್ಲ. ಮೊದಲನೇ ಮಹಡಿಗೆ ಟ್ಯಾಂಕ್ ತಲೆ ಮೇಲೇ ಇರುತ್ತದೆ, ಎತ್ತರ ಸಾಲದೆ ಷವರ್ ಉಗುಳಿದ ಹಾಗೆ ಬರುತ್ತದೆ. ಬಚ್ಚಲಿನ ನಲ್ಲಿ ಬಿಟ್ಟು, ಅಲ್ಲಿದ್ದ ಬಕೆಟ್ ಇಟ್ಟು, ಮೊಬೈಲಿನಲ್ಲಿ ಟೈಮ್ ಹಿಡಿದೆ. ಎರಡು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಪರವಾಗಿಲ್ಲ. ಹಳೇ ಮನೆಯಲ್ಲಿ ನಾಲ್ಕು ನಿಮಿಷ ಹಿಡಿಯುತ್ತಿತ್ತು. ಕಾವೇರಿ ನೀರು ದಿನ ಬಿಟ್ಟು ದಿನ, ಸಂಪು ದೊಡ್ಡದು, ಆದರೆ ಮೋಟರ್ ಸ್ವಿಚ್ಚು ಓನರ್ ಅಡುಗೆಮನೆಯಲ್ಲಿ. ಇದನ್ನು ನೆನಪಿಡಿ, ಸ್ವಿಚ್ಚು ಯಾರ ಹತ್ತಿರ ಅನ್ನುವುದು ನೀರು ಎಷ್ಟು ಅನ್ನುವುದಕ್ಕಿಂತ ಮುಖ್ಯ.

ಆಮೇಲೆ ಕರೆಂಟ್ ಮೀಟರ್. ಮೇಲಿನ ಮನೆಗೆ ಬೇರೆ ಆರ್.ಆರ್. ನಂಬರ್, ಅಂದರೆ ಕರೆಂಟ್ ಬಿಲ್ಲಿನ ಸ್ವಂತ ಸಂಖ್ಯೆ, ಇತ್ತು. ಸಬ್‌ಮೀಟರ್ ಆಗಿದ್ದರೆ ಗೃಹ ಜ್ಯೋತಿಯ ಉಚಿತ ಕರೆಂಟ್ ನಮ್ಮ ಹೆಸರಿಗೆ ಸಿಗುವುದಿಲ್ಲ. ಹೋಗುವವರು ಅವರ ಆಧಾರ್ ಡಿ-ಲಿಂಕ್ ಮಾಡಿಸಿಕೊಂಡೇ ಹೋಗಲಿ ಅಂತ ಖುದ್ದು ಅವರಿಗೇ ಹೇಳಿದೆ. ರಾತ್ರಿ ಹತ್ತೂವರೆಗೆ ಇನ್ನೊಮ್ಮೆ ಬಂದು ಎದುರಿಗೆ ಕಾರು ನಿಲ್ಲಿಸಿ ಅರ್ಧ ಗಂಟೆ ಕೂತೆವು. ಒಂದು ನಾಯಿ, ಒಂದು ಜನರೇಟರ್. ಜನರೇಟರ್ ಹನ್ನೊಂದಕ್ಕೆ ನಿಂತಿತು, ನಾಯಿ ಇನ್ನೂ ನಿಂತಿಲ್ಲ.

ಎರಡನೇ ಸಲ ಹೋದಾಗ ಲೆಕ್ಕ ಹೇಳಿದೆ. "ಸರ್, ಜುಲೈ 10ರಿಂದಲೇ ಬಾಡಿಗೆ ಕೊಡ್ತೀನಿ. ಮನೆಗೆ ಬರೋದು ಶ್ರಾವಣಕ್ಕೆ. ಅಲ್ಲಿ ತನಕ ನೀವು ಸುಣ್ಣಬಣ್ಣ ಮಾಡಿಸಿಕೊಳ್ಳಿ. ಬಾಡಿಗೆ 33 ಮಾಡಿ." ಅವರು ಸುಮ್ಮನಾದರು. ಒಳಗಿನಿಂದ ಆಂಟಿ, "ಶ್ರಾವಣದ ತನಕ ಖಾಲಿ ಅಂತ ನೀವೇ ಅಂತಿದ್ರಲ್ಲ" ಅಂದುಬಿಟ್ಟರು. 34ಕ್ಕೆ ನಿಂತಿತು.

ಅಡ್ವಾನ್ಸು ನಾಲ್ಕು ಲಕ್ಷದಿಂದ ಒಂದೂವರೆಗೆ ಇಳಿದದ್ದು ಒಂದೇ ಒಂದು ಪ್ರಶ್ನೆಯಿಂದ. ಆ ಪ್ರಶ್ನೆ ಏನು ಅಂತ ಇಲ್ಲಿ ಬರೆಯುವುದಿಲ್ಲ. ತಂಗಿ ಬಸವನಗುಡಿಯಲ್ಲಿ ಹುಡುಕುತ್ತಿದ್ದಾಳೆ, ಅವಳದು ಆಗಲಿ. ಕಾನೂನೂ ಅಲ್ಲ, ಸುಳ್ಳೂ ಅಲ್ಲ, ಅಷ್ಟು ಹೇಳಬಲ್ಲೆ. ಇಸ್ತ್ರಿ ಅಣ್ಣನನ್ನು ಹೇಗೆ ಕೇಳಿದೆ ಅನ್ನುವುದೂ ಹಾಗೇ ಇರಲಿ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ, ನೂರು ಇನ್ನೂರು ಆಚೀಚೆ. ಜುಲೈ 10ರಿಂದ 31ರ ತನಕ ಹೊಸ ಮನೆಗೆ ಕೊಟ್ಟಿದ್ದು 24 ಸಾವಿರ. ಬೇಗೂರಿನ ಬಾಡಿಗೆ ಹೇಗೂ ಕಟ್ಟಿದೆ. ಗಂಡ ಅವತ್ತು "ಬೀಗ ಹಾಕಿದ ಮನೆಗೆ 24 ಸಾವಿರನಾ?" ಅಂತ ಎರಡು ದಿನ ಮಾತು ಬಿಟ್ಟಿದ್ದರು. ತಿಂಗಳಿಗೆ ಆರು ಸಾವಿರ ಇಳಿದರೆ ಹನ್ನೊಂದು ತಿಂಗಳ ಕರಾರಿಗೆ 66 ಸಾವಿರ. 24 ಕಳೆದರೆ 42 ಕೈಯಲ್ಲಿ ಉಳಿಯಿತು. ಬ್ರೋಕರ್‌ಗೆ ಹೋಗಬೇಕಿದ್ದ ಒಂದು ತಿಂಗಳ ಬಾಡಿಗೆ ಬೇರೆ.

ಎಲ್ಲಾ ಕಡೆ ಗೆದ್ದೆ ಅಂತಲ್ಲ. ಬೇಗೂರಿನ ಓನರ್ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದರು. ಅದು ವಾಡಿಕೆ, ಬಿಡಿ. ಮೊಳೆ ಹೊಡೆದ ತೂತಿಗೆ ಅಂತ ಇನ್ನೂ ನಾಲ್ಕು ಸಾವಿರ. ಉಳಿದ ಒಂದೂಕಾಲು ಲಕ್ಷ ಬರಲು ಆರು ವಾರ. ಅದಕ್ಕೇ ಈ ಸಲ ಕರಾರಿನಲ್ಲಿ, ಬಿಡುವಾಗ ಪೇಂಟಿಂಗ್‌ಗೆ ಬಿಲ್ ತೋರಿಸಿ, ಒಟ್ಟು 20 ಸಾವಿರ ಮೀರದ ಹಾಗೆ, ಅಂತ ಬರೆಸಿದೆ. ಹೊಸ ಗೋಡೆಯ ಫೋಟೋಗಳನ್ನು ಯಜಮಾನರಿಗೇ ವಾಟ್ಸಾಪ್ ಮಾಡಿಟ್ಟಿದ್ದೇನೆ.

ಸಾಮಾನು ಸಾಗಿಸುವುದರಲ್ಲೂ ಪೆಟ್ಟು ತಿಂದೆ. ಆಷಾಢದಲ್ಲಾದರೆ ಗಾಡಿಯವನು ಆರು ಸಾವಿರಕ್ಕೆ ಒಪ್ಪಿದ್ದ. ಅತ್ತೆ ಒಪ್ಪಲಿಲ್ಲ. "ಪುಸ್ತಕ, ಪಾತ್ರೆ ಬೇಕಾದ್ರೆ ಹೋಗ್ಲಿ. ಒಲೆ, ದೇವರು, ಮಂಚ ಹೋಗಬಾರದು" ಅಂತ ತೀರ್ಪು ಕೊಟ್ಟರು. ಅದರ ಪ್ರಕಾರ ಡಬ್ಬಗಳನ್ನೆಲ್ಲ ಕಾರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಸಾಗಿಸಿದೆವು. ಜುಲೈ 25, ಶ್ರಾವಣದ ಮೊದಲನೇ ದಿನ, ಅದೂ ಶುಕ್ರವಾರ. ಬೆಳಿಗ್ಗೆ ಹಾಲು ಉಕ್ಕಿಸಿದೆವು. ಅದೇ ದಿನ ಅದೇ ಗಾಡಿಯವನು ಒಂಬತ್ತು ಸಾವಿರ ಕೇಳಿದ. "ಮೇಡಂ, ಇವತ್ತು ಇಡೀ ಬೆಂಗಳೂರೇ ಮನೆ ಬದಲಿಸ್ತಿದೆ."

ಆಗಸ್ಟ್ 10ಕ್ಕೆ ಹಳದಿ ಮಾರ್ಗ ಉದ್ಘಾಟನೆ ಆಯಿತು, ಮಾರನೇ ದಿನದಿಂದ ಜನಕ್ಕೆ. ಗಂಡ ರಿಟೈರ್ ಆಗಲು ಇನ್ನೂ ಹದಿನೇಳು ವರ್ಷ ಇದೆ. ಮೊದಮೊದಲು ಇದ್ದದ್ದು ಮೂರೇ ರೈಲು, ಇಪ್ಪತ್ತೈದು ನಿಮಿಷಕ್ಕೊಂದು. ಒಂದು ಸಲ ಎಸ್ಕಲೇಟರ್ ಮೇಲಿರುವಾಗಲೇ ಬಾಗಿಲು ಮುಚ್ಚಿತಂತೆ, ಅಲ್ಲಿಂದಲೇ ಫೋನ್ ಮಾಡಿ ನನಗೆ ಬೈದರು. ಆದರೂ ಸಿಲ್ಕ್ ಬೋರ್ಡ್ ಜಂಕ್ಷನ್ ಮೇಲಿನಿಂದ ನೋಡುವುದಕ್ಕೂ ಒಳಗೆ ನಿಲ್ಲುವುದಕ್ಕೂ ವ್ಯತ್ಯಾಸ ಇದೆ ಅಂತ ಈಗ ಒಪ್ಪುತ್ತಾರೆ. ದಸರಾ ಹೊತ್ತಿಗೆ ನಮ್ಮದೇ ಕ್ರಾಸಿನಲ್ಲಿ ಇಂಥದ್ದೇ ಮನೆಗೆ 45 ಕೇಳುತ್ತಿದ್ದರು.

ಒಂದು ಮಾತ್ರ ಕರಾರಿನಲ್ಲಿ ಬರೆಸಲು ಮರೆತೆ. ಟೆರೇಸ್. ನೀರು, ಮೀಟರ್, ಮೊಳೆ ತೂತು ಎಲ್ಲ ನೆನಪಿತ್ತು, ಇದಿರಲಿಲ್ಲ. ಟೆರೇಸ್ ಕೀ ಆಂಟಿ ಸೊಂಟದಲ್ಲಿದೆ. ಸಂಡಿಗೆ ಒಣಗಿದ ಮೇಲೆ ಕೊಡುತ್ತೇನೆ ಅಂದಿದ್ದರು. ಆ ಸಂಡಿಗೆಯಲ್ಲಿ ಒಂದು ಡಬ್ಬ ನಮಗೂ ಬಂತು, ಕರಿದು ತಿಂದೂ ಆಯಿತು. ಬೆಡ್‌ಶೀಟು ಇನ್ನೂ ಬಾಲ್ಕನಿಯಲ್ಲೇ ಒಣಗುತ್ತಿದೆ.